ಕಸಾಯಿಖಾನೆಯ ಗ್ಯಾಸು: ಅಸಹ್ಯ ಒಂದು ಕಡೆ, ಅತಿಯಾಸೆ ಇನ್ನೊಂದು ಕಡೆ

2005ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್‌ನಿಂದ ವೆಸ್ಟರ್ವಿಕ್‌ಗೆ ‘ಅಮಂಡಾ’ ಎಂಬ ರೈಲು ಓಡತೊಡಗಿತು. ಹಳೆಯ ಡೀಸೆಲ್ ರೈಲೊಂದಕ್ಕೆ ಗ್ಯಾಸ್ ಎಂಜಿನ್ ಕೂರಿಸಿದ್ದರು. ಆ ಗ್ಯಾಸಿಗೆ ಮುಖ್ಯ ಮೂಲ ಕಸಾಯಿಖಾನೆಯ ಕರುಳು, ನೆಣ, ರಕ್ತ. ಬಯೋಗ್ಯಾಸ್‌ನಿಂದ ಓಡುವ ಜಗತ್ತಿನ ಮೊದಲ ಪ್ರಯಾಣಿಕರ ರೈಲು ಎಂದು ಅದು ಸುದ್ದಿಯಾಯಿತು. ಒಂದು ಹಸುವಿನ ತ್ಯಾಜ್ಯಕ್ಕೆ ಸುಮಾರು 4 ಕಿಲೋಮೀಟರ್ ಎಂಬ ಲೆಕ್ಕವೂ ಪತ್ರಿಕೆಗಳಲ್ಲಿ ಬಂತು. ಇಂಥ ಸುದ್ದಿ ಬಾಯಿಂದ ಬಾಯಿಗೆ ದಾಟುವಾಗ ‘ದನ ಸುಟ್ಟು ರೈಲು ಓಡಿಸ್ತಾರಂತೆ’ ಆಗಿಬಿಡುತ್ತದೆ.

ಗ್ಯಾಸ್ ತಯಾರಿಯಲ್ಲಿ ಸುಡುವಂಥದ್ದು ಏನೂ ನಡೆಯುವುದಿಲ್ಲ. ಗಾಳಿಯಾಡದ ಟ್ಯಾಂಕಿನಲ್ಲಿ, ಹೆಚ್ಚಾಗಿ 35ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಬ್ಯಾಕ್ಟೀರಿಯಾಗಳು ತ್ಯಾಜ್ಯವನ್ನು ಒಡೆದು ಮೊದಲು ಆಮ್ಲಗಳಾಗಿಸುತ್ತವೆ. ಮೀಥೇನ್ ತಯಾರಿಸುವ ಇನ್ನೊಂದು ಬಗೆಯ ಸೂಕ್ಷ್ಮಜೀವಿಗಳು ಆ ಆಮ್ಲಗಳ ಸಾರವನ್ನು ತಿಂದು ಗ್ಯಾಸ್ ಬಿಡುತ್ತವೆ. ಹೀಗೆ ಬಂದ ಗ್ಯಾಸಿನಲ್ಲಿ ಸಾಮಾನ್ಯವಾಗಿ ಶೇ 55ರಿಂದ 70ರಷ್ಟು ಮೀಥೇನ್. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಅದನ್ನು ತೆಗೆದು ಶುದ್ಧ ಮಾಡಿದರೆ ವಾಹನದ ಸಿಲಿಂಡರಿಗೆ ತುಂಬಬಹುದು. ಅಮಂಡಾ ಬರುವ ಮೊದಲೇ ಲಿನ್‌ಶೋಪಿಂಗ್‌ನ ನಗರ ಬಸ್ಸುಗಳು ಇದೇ ಗ್ಯಾಸಿನಲ್ಲಿ ಓಡುತ್ತಿದ್ದವು.

ಗೋಬರ್ ಗ್ಯಾಸ್ ನೋಡಿ ಬೆಳೆದ ನಮ್ಮಲ್ಲಿ ಬೇರೆಯದೇ ನಂಬಿಕೆಯಿದೆ: ಗ್ಯಾಸ್ ಬರುವುದು ಸಗಣಿಯಿಂದ ಮಾತ್ರ. ವಾಸ್ತವದಲ್ಲಿ ಸಗಣಿ ಅಷ್ಟೇನೂ ಸಿರಿವಂತ ಸರಕಲ್ಲ. ಹಸು ತಿಂದು, ಮೆಲುಕು ಹಾಕಿ, ಬೇಕಾದ ಸಾರವನ್ನೆಲ್ಲ ಹೀರಿ ಬಿಟ್ಟದ್ದು ಅದು. ಜೊತೆಗೆ ಅದರಲ್ಲಿ ನೀರೇ ಹೆಚ್ಚು. ಒಂದು ಕಿಲೋ ಹಸಿ ಸಗಣಿಯಿಂದ ಸಿಗುವುದು ಸುಮಾರು 40 ಲೀಟರ್ ಗ್ಯಾಸ್. ಶುದ್ಧ ಕೊಬ್ಬಿನ ಲೆಕ್ಕವೇ ಬೇರೆ. ಒಂದು ಕಿಲೋ ಕೊಬ್ಬು ಪೂರ್ತಿ ಜೀರ್ಣವಾದರೆ ಬರಿಯ ಮೀಥೇನೇ 1000 ಲೀಟರಿನಷ್ಟು ಬರಬೇಕು ಎನ್ನುತ್ತದೆ ರಸಾಯನಶಾಸ್ತ್ರ. ಪ್ರೋಟೀನಿನಿಂದ ಅದರ ಅರ್ಧ, ಪಿಷ್ಟದಿಂದ ಇನ್ನೂ ಕಡಿಮೆ.

ಈ ಅಂಕಿ ಕೇಳಿದ ಕೂಡಲೇ ಹುಟ್ಟುವ ಆಸೆಯೇ ಹೆಚ್ಚು ಅಪಾಯಕಾರಿ. ‘ಹಾಗಾದರೆ ಕೋಳಿ ಅಂಗಡಿಯ ಡ್ರಮ್ಮುಗಳನ್ನು ತಂದು ಮನೆಯ ಗ್ಯಾಸ್ ಗುಂಡಿಗೆ ಸುರಿದರಾಯಿತಲ್ಲ!’ ಸುರಿದವರ ಗುಂಡಿ ಕೆಲವೇ ದಿನಗಳಲ್ಲಿ ಮುಷ್ಕರ ಹೂಡುವ ಸಾಧ್ಯತೆಯೇ ಹೆಚ್ಚು. ನೆಣ ಒಡೆದಾಗ ಹುಟ್ಟುವ ಉದ್ದ ಸರಪಳಿಯ ಕೊಬ್ಬಿನಾಮ್ಲಗಳು ಸೂಕ್ಷ್ಮಜೀವಿಗಳಿಗೆ ಮೆತ್ತಿಕೊಂಡು ಅವುಗಳ ಕೆಲಸಕ್ಕೆ ಅಡ್ಡಿಯಾಗುತ್ತವೆ. ರಕ್ತ, ಮಾಂಸದ ಪ್ರೋಟೀನ್ ಒಡೆದು ಅಮೋನಿಯಾ ಆಗುತ್ತದೆ. ಅದು ಮಿತಿ ಮೀರಿದರೆ ಮೀಥೇನ್ ತಯಾರಕರು ಮೊದಲು ಸೋಲುತ್ತಾರೆ. ಅತ್ತ ಆಮ್ಲ ತಯಾರಕರ ಕೆಲಸ ನಿಂತಿರುವುದಿಲ್ಲ. ಟ್ಯಾಂಕು ಹುಳಿಯಾಗುತ್ತದೆ, ಮೇಲೆ ನೊರೆ ಉಕ್ಕಿ ಗ್ಯಾಸ್ ಪೈಪಿಗೂ ನುಗ್ಗುತ್ತದೆ, ನೆಣ ಗಟ್ಟಿ ಪದರವಾಗಿ ತೇಲುತ್ತದೆ. ರೆಕ್ಕೆಪುಕ್ಕ ಜೀರ್ಣವಾಗುವುದು ಬಹಳ ನಿಧಾನ. ಮೂಳೆಯ ಬಹುಪಾಲು ಹಾಗೇ ತಳ ಸೇರುತ್ತದೆ.

ಅದಕ್ಕೇ ಅನುಭವಿಗಳು ಕಸಾಯಿಖಾನೆ ತ್ಯಾಜ್ಯವನ್ನು ಸಾಮಾನ್ಯವಾಗಿ ಬೆರಕೆಯಾಗಿ ಉಣಿಸುತ್ತಾರೆ: ಸಗಣಿ, ತರಕಾರಿ ಕಸ, ಪ್ರಾಣಿಯ ಹೊಟ್ಟೆಯಲ್ಲಿ ಉಳಿದ ಅರೆಜೀರ್ಣ ಮೇವು, ಜೊತೆಗೆ ಸ್ವಲ್ಪ ಸ್ವಲ್ಪವೇ ನೆಣ. ಆ ಮೇವಿನಲ್ಲಂತೂ ಮೀಥೇನ್ ತಯಾರಕರು ಮೊದಲೇ ಮನೆ ಮಾಡಿರುತ್ತಾರೆ.

‘ಊರೆಲ್ಲ ನಾರುತ್ತದೆ’ ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು. ಮೀಥೇನಿಗೆ ವಾಸನೆಯಿಲ್ಲ, ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡಿನದು, ಅದನ್ನು ಕಬ್ಬಿಣದ ಸಂಯುಕ್ತಗಳ ಮೂಲಕ ಹಾಯಿಸಿ ತೆಗೆಯುತ್ತಾರೆ. ನಾರುವುದು ಲಾರಿಯಿಂದ ಸರಕು ಇಳಿಸುವ ಜಾಗ. ಅದನ್ನು ಮುಚ್ಚದೆ, ಗಾಳಿಯನ್ನು ಶೋಧಿಸದೆ ಕಟ್ಟಿದ ಘಟಕದ ಬಗ್ಗೆ ನೆರೆಯವರು ಗಲಾಟೆ ಮಾಡಿದರೆ ತಪ್ಪೇನಿಲ್ಲ. ಆದರೆ ಅದೇ ಕರುಳನ್ನು ರಾತ್ರೋರಾತ್ರಿ ಕೆರೆಯಂಚಿಗೆ ಸುರಿದು ಹೋಗುವುದನ್ನು ಸಹಿಸಿಕೊಂಡ ಊರಿಗೆ ಮುಚ್ಚಿದ ಟ್ಯಾಂಕಿನ ಭಯವೇಕೋ!

ರೋಗದ ಭಯಕ್ಕೆ ಅರ್ಧ ಆಧಾರವಿದೆ. ಗ್ಯಾಸ್ ಗುಂಡಿಯೊಳಗೆ ಹೋದ ರೋಗಾಣುಗಳೆಲ್ಲ ತಾವಾಗಿಯೇ ಸಾಯುವುದಿಲ್ಲ. ಯುರೋಪಿನ ಒಕ್ಕೂಟ ಇದಕ್ಕೆಂದೇ 2002ರಲ್ಲಿ ನಿಯಮ ಮಾಡಿ ತ್ಯಾಜ್ಯವನ್ನು ಮೂರು ವರ್ಗ ಮಾಡಿತು. ಆರೋಗ್ಯವಂತ ಪ್ರಾಣಿಯದಾದರೆ, ಸಾಮಾನ್ಯ ಕ್ರಮದಂತೆ, 12 ಮಿಲಿಮೀಟರಿಗಿಂತ ದೊಡ್ಡ ಚೂರಿಲ್ಲದಂತೆ ಅರೆದು 70 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಬೇಕು. ಅದಕ್ಕಿಂತ ಅಪಾಯಕಾರಿ ವರ್ಗದ ಬಹುತೇಕ ತ್ಯಾಜ್ಯಕ್ಕೆ 133 ಡಿಗ್ರಿ, 3 ಬಾರ್ ಒತ್ತಡ, 20 ನಿಮಿಷ. ಹುಚ್ಚು ಹಸು ರೋಗದ ಶಂಕೆಯಿರುವ ಮಿದುಳು, ಬೆನ್ನುಹುರಿಯಂಥವಕ್ಕೆ ಬಯೋಗ್ಯಾಸ್ ಟ್ಯಾಂಕಿನಲ್ಲಿ ಜಾಗವೇ ಇಲ್ಲ. ಬಿಸಿ ಮಾಡುವ ಹಂತವಿಲ್ಲದ ಘಟಕದಲ್ಲಿ ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು, ಅಂದರೆ ಸ್ಲರಿಯನ್ನು, ಹೊಲಕ್ಕೆ ಹಾಕಲು ರೈತ ಹಿಂಜರಿದರೆ ಅದು ಮೌಢ್ಯವಲ್ಲ, ವಿವೇಕ. ಸರಿಯಾಗಿ ಬಿಸಿ ಮಾಡಿದ್ದಾದರೆ ಸಾರಜನಕ ತುಂಬಿದ ಒಳ್ಳೆಯ ಗೊಬ್ಬರ.

ಇನ್ನು ‘ಕಸದಿಂದಲೇ ಇಡೀ ಕಾರ್ಖಾನೆಗೆ ಪುಕ್ಕಟೆ ಕರೆಂಟು’ ಎಂಬ ಜಾಹೀರಾತಿನ ಮಾತು. ಆಸ್ಟ್ರಿಯಾದ ಸೇಂಟ್ ಮಾರ್ಟಿನ್‌ನಲ್ಲಿ ದೊಡ್ಡ ಕಸಾಯಿಖಾನೆಯೊಂದು 2003ರಿಂದ ತನ್ನದೇ ತ್ಯಾಜ್ಯದಿಂದ ಗ್ಯಾಸ್ ತೆಗೆಯುತ್ತಿದೆ. ಈ ಕ್ಷೇತ್ರದಲ್ಲಿ ಮಾದರಿ ಎಂದು ಹೆಸರಾದ ಈ ಘಟಕ ಕೂಡ ಒದಗಿಸಿದ್ದು ಅಲ್ಲಿನ ವಿದ್ಯುತ್ತಿನ ಮೂರನೇ ಒಂದು ಭಾಗವನ್ನು, ಶಾಖದ ಮುಕ್ಕಾಲು ಭಾಗವನ್ನು. ಶೀತಲೀಕರಣ ಯಂತ್ರಗಳೇ ಅಷ್ಟು ಕರೆಂಟು ನುಂಗುತ್ತವೆ. ಬಿಸಿನೀರಿನ ಖರ್ಚು ಉಳಿದದ್ದೇ ಅಲ್ಲಿಯ ದೊಡ್ಡ ಲಾಭ ಎನ್ನಬೇಕು. ತ್ಯಾಜ್ಯವೂ ಪುಕ್ಕಟೆಯಲ್ಲ. ಒಳ್ಳೆಯ ನೆಣ ಸೋಪಿನವರಿಗೆ, ಮೂಳೆ ಜೆಲಟಿನ್ ಕಾರ್ಖಾನೆಗೆ, ಇನ್ನಷ್ಟು ನಾಯಿ-ಬೆಕ್ಕುಗಳ ಆಹಾರಕ್ಕೆ ಹೋಗುತ್ತದೆ. ಗ್ಯಾಸ್ ಟ್ಯಾಂಕಿಗೆ ಬರುವುದು ಯಾರಿಗೂ ಬೇಡವಾದದ್ದು. ಹಾಗಾಗಿ ‘ಗ್ಯಾಸಿಗಾಗಿ ಪ್ರಾಣಿ ಕಡಿಯುತ್ತಾರೆ’ ಎಂಬ ಆರೋಪಕ್ಕೂ ಅರ್ಥವಿಲ್ಲ. ಕಡಿಯುವುದು ಸರಿಯೇ ಎಂಬುದು ಬೇರೆ ಚರ್ಚೆ. ಅದನ್ನು ಗ್ಯಾಸಿನ ತಲೆಗೆ ಕಟ್ಟಬೇಕಿಲ್ಲ.

ನಿಮ್ಮ ನಗರಸಭೆ ಇಂಥ ಘಟಕ ಕಟ್ಟಲು ಹೊರಟರೆ ಎಷ್ಟು ಯೂನಿಟ್ ಕರೆಂಟು ಎಂದು ಆಮೇಲೆ ಕೇಳಿ. ನೆಣದ ಜೊತೆ ಬೆರೆಸಲು ಸಗಣಿ, ತರಕಾರಿ ಕಸ ದಿನಾ ಎಲ್ಲಿಂದ ಬರುತ್ತದೆ, ಬಿಸಿ ಮಾಡುವ ವ್ಯವಸ್ಥೆ ಇದೆಯೇ, ಸ್ಲರಿ ಯಾರ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಮೊದಲು ಬರಹದಲ್ಲಿ ಪಡೆದುಕೊಳ್ಳಿ.