ಸೇವೆ, ತರಬೇತಿ ಮತ್ತು ಬಿಟ್ಟಿ ದುಡಿಮೆ

ಹೈದರಾಬಾದಿನ ಜೀಡಿಮೆಟ್ಲಾ ಪ್ರದೇಶವು ಔಷಧ, ರಾಸಾಯನಿಕ ಮತ್ತು ಯಂತ್ರಭಾಗಗಳ ಕಾರ್ಖಾನೆಗಳಿಂದ ಕಿಕ್ಕಿರಿದಿದೆ. ಬೀದರ, ಕಲಬುರಗಿ, ರಾಯಚೂರು ಕಡೆಗಳಿಂದ ಉದ್ಯೋಗಕ್ಕಾಗಿ ಬಂದು ಈ ಮಹಾನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇಂತಹ ಪ್ರದೇಶದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಈ ಕುಟುಂಬಗಳ ಮಕ್ಕಳಿಗೆ ವ್ಯಾಸಂಗದ ದೆಸೆಯಲ್ಲಿಯೇ ಎರಡು ಬಗೆಯ ದುಡಿಮೆ ಎದುರಾಗುತ್ತದೆ. ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆ, ಎಂದರೆ ಎಲ್ಲರ ಬಾಯಲ್ಲಿರುವ ಎನ್.ಎಸ್.ಎಸ್.; ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದವರಿಗೆ ಕಾರ್ಖಾನೆಯ ಅಪ್ರೆಂಟಿಸ್ ತರಬೇತಿ. ಎರಡಕ್ಕೂ ಸರ್ಕಾರದ ಹಣವುಂಟು. ಎರಡರಲ್ಲಿಯೂ ದುಡಿಯುವ ತರುಣನು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕನಲ್ಲ. ಕೈ ಯಂತ್ರಕ್ಕೆ ಸಿಕ್ಕಿದ ದಿನ ಈ ಮಾತಿನ ಅರ್ಥ ಮನೆಯವರಿಗೆ ಹೊಳೆಯುವುದಕ್ಕಿಂತ ಮೊದಲೇ ತಿಳಿದಿರುವುದು ಲೇಸು.

ವಿದ್ಯಾರ್ಥಿಗಳಿಗೆ ರಾಷ್ಟ್ರಸೇವೆಯನ್ನು ಕಡ್ಡಾಯ ಮಾಡಬೇಕೆಂಬ ವಿಚಾರವನ್ನು 1959ರಲ್ಲಿ ಸಿ.ಡಿ. ದೇಶಮುಖರ ಅಧ್ಯಕ್ಷತೆಯ ಸಮಿತಿಯು ಪರಿಶೀಲಿಸಿತು. ಅನಂತರ ಅನ್ಯ ದೇಶಗಳ ಕ್ರಮಗಳನ್ನು ಅಭ್ಯಾಸ ಮಾಡಿಬಂದ ಕೆ.ಜಿ. ಸಯ್ಯದೈನ್ ಅವರು, ಸೇವೆ ಸ್ವಯಂಪ್ರೇರಿತವಾಗಿಯೇ ಇರತಕ್ಕದ್ದೆಂದು ಅಭಿಪ್ರಾಯಪಟ್ಟರು. ಕಡೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಡನೆ ಈ ಯೋಜನೆಯನ್ನು ಆರಂಭಿಸಿದರು. ರಾಯರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರೆಂಬುದನ್ನು ಕನ್ನಡಿಗರು ನೆನೆಯಬಹುದು.

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ: ಇದು ಯೋಜನೆಯ ಕಟ್ಟು. ಕೂಲಿಯಿಲ್ಲ, ಪ್ರಮಾಣಪತ್ರವುಂಟು. ಗಿಡ ನೆಡುವುದು, ಆರೋಗ್ಯ ಸಮೀಕ್ಷೆ, ರಕ್ತದಾನ ಮುಂತಾದವುಗಳಿಂದ ವಿದ್ಯಾರ್ಥಿಗೆ ಲಾಭವೇ ಹೊರತು ನಷ್ಟವಿಲ್ಲ. ಆದರೆ ಪ್ರಮಾಣಪತ್ರಕ್ಕೆ ಅಂಕವನ್ನೋ ಪ್ರವೇಶದಲ್ಲಿ ಆದ್ಯತೆಯನ್ನೋ ಕಟ್ಟಿದೊಡನೆ ‘ಸ್ವಯಂ’ ಎಂಬ ಪದ ಸಡಿಲವಾಗುತ್ತದೆ. ಸಂಜೆ ಅಂಗಡಿಯಲ್ಲಿ ದುಡಿದು ಶುಲ್ಕ ತುಂಬುವ ಹುಡುಗನಿಗೆ ಆ 240 ಗಂಟೆಗಳ ಬೆಲೆ ಬೇರೆ; ಸ್ಥಿತಿವಂತರ ಮಗನಿಗೆ ಬೇರೆ. ಸಂಬಳದ ನೌಕರನನ್ನು ನೇಮಿಸಬೇಕಾದ ಕೆಲಸಕ್ಕೆ ವರ್ಷವಿಡೀ ವಿದ್ಯಾರ್ಥಿಗಳನ್ನು ಹಚ್ಚಿದರಂತೂ ಅದು ಸೇವೆಯೆನಿಸದು.

ಅದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದುಂಟು: ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ಯೇ ಇದರ ಮೂಲ. ಅರಸರು ದಾನ ಕೊಟ್ಟ ಗ್ರಾಮಗಳಿಗೆ ಬಿಟ್ಟಿಯಿಂದ ವಿನಾಯಿತಿ ನೀಡಿದ ಸಂಗತಿ ಶಾಸನಗಳಲ್ಲಿ ಬರುತ್ತದೆ. ಸಂವಿಧಾನದ 23ನೆಯ ಅನುಚ್ಛೇದವು ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶವಿತ್ತರೂ, ಮತ, ಜನಾಂಗ, ಜಾತಿ, ವರ್ಗಗಳ ಭೇದವೆಣಿಸಕೂಡದೆಂದು ಹೇಳಿದೆ. ಏಷ್ಯನ್ ಕ್ರೀಡಾಕೂಟದ ನಿರ್ಮಾಣ ಕಾರ್ಮಿಕರ ಪರವಾದ 1982ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದಿತು. ಮರುವರ್ಷ ರಾಜಸ್ಥಾನದ ಬರಪರಿಹಾರ ಕಾಮಗಾರಿಗಳಿಗೂ ಇದೇ ನಿಯಮ ಅನ್ವಯವಾಯಿತು. ಹೊಟ್ಟೆಗಿಲ್ಲದವನು ತಾನಾಗಿ ಬಂದನೆಂಬ ಮಾತ್ರಕ್ಕೆ ಅವನ ದುಡಿಮೆ ಸ್ವಇಚ್ಛೆಯದಾಗದು ಎಂಬುದು ಈ ವಾದದ ತಿರುಳು.

ಅಪ್ರೆಂಟಿಸನ ಸ್ಥಿತಿ ಇನ್ನಷ್ಟು ಸೂಕ್ಷ್ಮ. 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಪ್ರಕರಣದಂತೆ ಅವನು ಶಿಕ್ಷಣಾರ್ಥಿಯೇ ಹೊರತು ಕಾರ್ಮಿಕನಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಅವನನ್ನು ಹೊರಗೇ ಇರಿಸಿವೆ. 2016ರ ರಾಷ್ಟ್ರೀಯ ಪ್ರೋತ್ಸಾಹ ಯೋಜನೆಯ ಮೇರೆಗೆ ಅವನ ಭತ್ಯೆಯ ಶೇಕಡ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿಗಳ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತದೆ. ಅಗ್ಗದ ಆಳು ದೊರೆತರೆ ಖಾಯಂ ಆಳನ್ನು ಏಕೆ ನೇಮಿಸಬೇಕೆಂಬ ಆಲೋಚನೆ ಮಾಲೀಕನಿಗೆ ಬರುವುದು ಸಹಜ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿರ್ಬಂಧವೂ ಇಲ್ಲ.

ಹಾಗೆಂದು ಅವನು ಕೇವಲ ನಿರಾಶ್ರಿತನಲ್ಲ. ಅವನನ್ನು ತುಂಡುಗೂಲಿಯ ಲೆಕ್ಕದಲ್ಲಿ ದುಡಿಸಕೂಡದು. ಉತ್ಪಾದನಾ ಬೋನಸ್ಸಿನ ಸ್ಪರ್ಧೆಗೆ ಎಳೆಯಕೂಡದು. ಅಪ್ರೆಂಟಿಸ್ ಸಲಹಾಧಿಕಾರಿಯ ಸಮ್ಮತಿಯಿಲ್ಲದೆ ಓವರ್‌ಟೈಮ್ ಮಾಡಿಸಕೂಡದು. ಆರೋಗ್ಯ ಮತ್ತು ಸುರಕ್ಷತೆಯ ವಿಷಯದಲ್ಲಿ ಇತರ ಕಾರ್ಮಿಕರಿಗಿರುವ ರಕ್ಷಣೆಯೇ ಅವನಿಗೂ ಸಲ್ಲುತ್ತದೆ. ತರಬೇತಿಯಿಂದ ಉಂಟಾದ ಅಪಘಾತಕ್ಕೆ ಮಾಲೀಕನು ಪರಿಹಾರ ಕೊಡತಕ್ಕದ್ದು. ಅಪಾಯಕಾರಿ ಕೈಗಾರಿಕೆಯ ಕಸುಬುಗಳಿಗೆ 18 ವರ್ಷ ತುಂಬದವರನ್ನು ಸೇರಿಸಕೂಡದೆಂದು 2014ರ ತಿದ್ದುಪಡಿ ವಿಧಿಸಿದೆ. ಜೀಡಿಮೆಟ್ಲಾದ ರಾಸಾಯನಿಕ ಕಾರ್ಖಾನೆಗಳ ಸಂದರ್ಭದಲ್ಲಿ ಇದು ಬಹು ಮುಖ್ಯ.

ಅಲ್ಲಿಯ ಅಪಾಯಗಳಾದರೂ ಎಂತಹವು? ಟೊಲ್ವೀನ್ ಮೊದಲಾದ ದ್ರಾವಕಗಳ ಆವಿಯಿಂದ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ. ದೀರ್ಘಕಾಲ ಉಸಿರಾಡಿದರೆ ನರಮಂಡಲಕ್ಕೆ ಹಾನಿ. ಬಟ್ಟೆಯ ಮಾಸ್ಕು ಧೂಳನ್ನು ಅಷ್ಟಿಷ್ಟು ತಡೆದೀತು, ಆವಿಯನ್ನು ತಡೆಯದು. ಅದಕ್ಕೆ ತಕ್ಕ ಫಿಲ್ಟರಿನ ಮುಖವಾಡವೇ ಬೇಕು. ಕೈಗಂಟಿದ ಬಣ್ಣವನ್ನು ಥಿನ್ನರಿನಿಂದ ತೊಳೆಯುವ ಅಭ್ಯಾಸ ಕೆಟ್ಟದ್ದು, ಏಕೆಂದರೆ ದ್ರಾವಕವು ಚರ್ಮದ ಮೂಲಕವೂ ಒಳಸೇರುತ್ತದೆ. ಒಂದು ತೋಳಿನಷ್ಟು ದೂರದಲ್ಲಿರುವವನೊಡನೆ ಕೂಗಿ ಮಾತನಾಡಬೇಕಾದಷ್ಟು ಸದ್ದಿರುವ ಕಡೆ ಕಿವಿಗೆ ರಕ್ಷೆ ಬೇಕು; ಗದ್ದಲದಿಂದ ಹೋದ ಶ್ರವಣಶಕ್ತಿ ಮರಳಿ ಬಾರದು. ಶಿಬಿರಕ್ಕೆ ಹೋಗುವ ವಿದ್ಯಾರ್ಥಿಗಳು ಚರಂಡಿಯ ಕೊಳಚೆಯಿಂದ ಬರುವ ಇಲಿಜ್ವರವನ್ನು ನೆನಪಿಟ್ಟು, ಬೂಟು ಮತ್ತು ಕೈಗವಸು ಕೇಳಿ ಪಡೆಯಬೇಕು. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಮ್ಯಾನ್‌ಹೋಲಿಗೆ ಇಳಿಯೆಂದರೆ ಸಾರಾಸಗಟಾಗಿ ನಿರಾಕರಿಸಬೇಕು.

‘ಸೇವೆ’ ಎಂಬ ಹೆಸರು ಎಷ್ಟು ಕಾಲ ನಿಲ್ಲಬಲ್ಲದೆಂಬುದಕ್ಕೆ ಅಂಗನವಾಡಿ ಕಾರ್ಯಕರ್ತೆಯರು ನಿದರ್ಶನ. 1975ರಲ್ಲಿ ಆರಂಭವಾದ ಯೋಜನೆಯಲ್ಲಿ ಅವರಿಗೆ ಸಂಬಳವಲ್ಲ, ಗೌರವಧನ. ಕರ್ನಾಟಕದ ಮೊಕದ್ದಮೆಯೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟು ಅವರದು ಸರ್ಕಾರಿ ಹುದ್ದೆಯಲ್ಲವೆಂದಿತು. ಗುಜರಾತಿನ ಮೊಕದ್ದಮೆಯಲ್ಲಿ 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಅವರು ಗ್ರಾಚ್ಯುಟಿಗೆ ಅರ್ಹರೆಂದಿತು. ನಡುವೆ ಹದಿನೈದು ವರ್ಷಗಳು ಸಂದಿದ್ದವು. ಜರ್ಮನಿಯಲ್ಲಿ 2011ರಲ್ಲಿ ಆರಂಭವಾದ ಸರ್ಕಾರಿ ಸ್ವಯಂಸೇವಾ ಯೋಜನೆಯಲ್ಲಿ ಸೇವಕರಿಗೆ ಸಂಬಳವಿಲ್ಲದಿದ್ದರೂ ಕೈಖರ್ಚಿನ ಹಣವೂ ಸಾಮಾಜಿಕ ವಿಮೆಯೂ ಮೊದಲಿನಿಂದ ಇವೆ.

ಜೀಡಿಮೆಟ್ಲಾದಲ್ಲಿ ಮಗನನ್ನೋ ಮಗಳನ್ನೋ ತರಬೇತಿಗೆ ಸೇರಿಸುವ ತಂದೆತಾಯಿಗಳು ಕೇಳಬೇಕಾದ ಮೊದಲ ಪ್ರಶ್ನೆ, ಒಪ್ಪಂದವು ಕಾಯಿದೆಯಂತೆ ನೋಂದಣಿಯಾಗಿದೆಯೇ ಎಂಬುದು. ಬರಿಯ ‘ಟ್ರೈನಿ’ ಎಂಬ ಬಿಲ್ಲೆ ತೊಡಿಸಿ, ನೋಂದಾಯಿತ ಒಪ್ಪಂದವಿಲ್ಲದೆ ದುಡಿಸುತ್ತಿದ್ದರೆ, ಅಂಥವರು ಇ.ಎಸ್.ಐ. ಸೌಲಭ್ಯಕ್ಕೆ ಹಕ್ಕುದಾರರೆಂದು ವಾದಿಸಲು ಅವಕಾಶವುಂಟು. ನೋಂದಣಿಯಾಗಿದ್ದರೆ ವಿವಾದಗಳನ್ನು ಅಪ್ರೆಂಟಿಸ್ ಸಲಹಾಧಿಕಾರಿಯ ಮುಂದೆ ಇಡಬಹುದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಒಪ್ಪಂದದ ಪ್ರತಿಯೊಂದನ್ನು ಮನೆಯಲ್ಲಿಯೂ ಇಟ್ಟುಕೊಂಡಿರುವುದು ಒಳ್ಳೆಯದು.