ಅಜ್ಜಿ ತೊಳಸುವ ಮುದ್ದೆ
ಮಕ್ಕಳೇ, ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಎಂಬತ್ತು ದಾಟಿಯೂ ಹೊಲಕ್ಕೆ ಹೋಗುವ ಅಜ್ಜ, ಅಜ್ಜಿಯರನ್ನು ನೀವು ನೋಡಿರಬಹುದು. ‘ರಾಗಿ ತಿಂದವ ನಿರೋಗಿ’ ಎಂಬ ಗಾದೆಯನ್ನೂ ಕೇಳಿರುತ್ತೀರಿ. ಇದರಲ್ಲಿ ಎಷ್ಟು ನಿಜವಿದೆ?

ಅಕ್ಕಿಯನ್ನು ಪಾಲಿಶ್ ಮಾಡಿದಾಗ ತೌಡಿನ ಜೊತೆ ನಾರು, ಜೀವಸತ್ವಗಳೂ ಹೋಗುತ್ತವೆ. ರಾಗಿ ಕಾಳು ಬಹಳ ಚಿಕ್ಕದು. ಅದನ್ನು ಸಿಪ್ಪೆ ಸಮೇತ ಬೀಸುತ್ತೇವೆ. ಆದ್ದರಿಂದ ನಾರು ಹಿಟ್ಟಿನಲ್ಲೇ ಉಳಿಯುತ್ತದೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಬಿಳಿ ಅಕ್ಕಿಯಲ್ಲಿ ಸುಮಾರು 10 ಮಾತ್ರ! ಜೊತೆಗೆ ಕಾಳಿನ ಸಾರು ಇದ್ದರೆ ಪ್ರೋಟೀನೂ ಸಿಗುತ್ತದೆ.

ಆದರೆ ಮುದ್ದೆಯೊಂದರಿಂದಲೇ ಆಯುಸ್ಸು ಹೆಚ್ಚದು. ಮೈಮುರಿದು ದುಡಿಮೆ, ಶುದ್ಧ ನೀರು, ಲಸಿಕೆ, ಸಕಾಲದ ಚಿಕಿತ್ಸೆಯೂ ಬೇಕು.

ಮಾಡಿ ನೋಡಿ: ಚಿಕ್ಕವರಿದ್ದಾಗ ವಾರಕ್ಕೆ ಎಷ್ಟು ದಿನ ಮುದ್ದೆ ಉಣ್ಣುತ್ತಿದ್ದಿರಿ ಎಂದು ಮನೆಯ ಹಿರಿಯರನ್ನು ಕೇಳಿ. ನೀವು ಈಗ ಎಷ್ಟು ದಿನ ಉಣ್ಣುತ್ತೀರಿ? ಬರೆದು ಹೋಲಿಸಿ.