ಬೆಂಗೇರಿಯ ಧ್ವಜಕಾರ್ಯ

ಧುರೀಣತ್ವವನ್ನೂ ಕೂಡಿ ದುಡಿಯುವುದನ್ನೂ ಬೋಧಿಸುವ ವ್ಯಾಪಾರ-ಸಲಹೆಗಾರರು ಈಗ ಬಹಳ. ನಾವಾದರೋ ಆ ಪಾಠವನ್ನು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕಂಡೆವು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಗೊಳಿಸುವುದು ಇಲ್ಲಿಯೇ. ಬಟ್ಟೆ ಬಾಗಲಕೋಟೆಯ ಕಡೆಯದು. ಬಣ್ಣ, ಚಕ್ರಮುದ್ರಣ, ಹೊಲಿಗೆ ಇಲ್ಲಿಯವು. ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಗಲ ಎರಡಾದರೆ ಉದ್ದ ಮೂರು. ಚಕ್ರದ 24 ಅರಗಳು ಎರಡೂ ಬದಿಯಲ್ಲಿ ಸರಿಯಾಗಿ ಹೊಂದಬೇಕು. ಒಬ್ಬಳ ಕೈ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥ. ಹಿಂದಿನವಳ ದೋಷವನ್ನು ಮುಂದಿನವಳು ದಾಕ್ಷಿಣ್ಯವಿಲ್ಲದೆ ತಡೆದು ನಿಲ್ಲಿಸಬೇಕು. ನಮ್ಮ ಮತದಲ್ಲಿ ಧುರೀಣತ್ವವು ಆ ತಡೆಯುವ ಕೈಯಲ್ಲಿಯೇ ಇರುವುದು. (ಶಾಲೆಯಲ್ಲಿ ನಾವಿದನ್ನು ಕಲಿಸಲಿಲ್ಲ!) 2021ರ ಕೊನೆಗೆ ಧ್ವಜಸಂಹಿತೆಯು ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು; ಸಂಘದವರು ಪ್ರತಿಭಟಿಸಿದರು. ಬರುವ ಆಗಸ್ಟಿನಲ್ಲಿ ಮನೆಗೆ ಧ್ವಜ ಕೊಳ್ಳಲಿರುವ ವಾಚಕರು ಒಮ್ಮೆ ಬೆಂಗೇರಿಯವರೆಗೆ ಹೋಗಿಬರಲಿ.